ಕಾರ್ಡು ಹಾಸಿಗೆಗೆ ಉಂಟು, ಗುಳಿಗೆಗೆ ಇಲ್ಲ

ಬದಿಯಡ್ಕದ ಮದ್ದಿನಂಗಡಿ | ಭಾನುವಾರ ರಾತ್ರಿ 9.40

ಮೊನ್ನೆ ಸೋಮವಾರ ಬೆಳಗ್ಗೆ ಶಟರ್ ಎತ್ತಿ ದೀಪ ಇಡುವಷ್ಟರಲ್ಲಿ ಒಬ್ಬರು ಅಜ್ಜ ಬಂದು ನಿಂತರು. ಮಳೆಗೆ ಒದ್ದೆಯಾಗಬಾರದೆಂದು ಚೀಟಿಯನ್ನು ಹಾಲಿನ ತೊಟ್ಟೆಯೊಳಗೆ ಮಡಚಿಟ್ಟಿದ್ದರು. ಜೊತೆಗೊಂದು ಹಳೆಯ ಸ್ಟ್ರಿಪ್ಪು, ಅದರ ಮೂಲೆಯಲ್ಲಿ ಎರಡೇ ಗುಳಿಗೆ. "ಇದರಲ್ಲಿ ಹತ್ತು ಸಾಕು" ಅಂದರು. ಚೀಟಿಯಲ್ಲಿ ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಬರೆದಿದೆ. ತಿಂಗಳಿಗೆ ಅರವತ್ತು ಆಗಬೇಕು. ಕೇಳಿದ್ದಕ್ಕೆ, "ಈಗ ಎದೆನೋವು ಏನೂ ಇಲ್ಲ, ರಾತ್ರಿದ್ದು ಬಿಟ್ಟಿದ್ದೇನೆ" ಅಂದರು.

ಆ ಗುಳಿಗೆ ಟಿಕಾಗ್ರೆಲರ್. ಏಳು ತಿಂಗಳ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುವುದೇ ಈ ಮದ್ದು. ಅದರ ಬಲ ಅರ್ಧ ದಿನ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಅದಕ್ಕೇ ದಿನಕ್ಕೆ ಎರಡು. ಸ್ಟೆಂಟ್ ಹಾಕುವಾಗ ಅಜ್ಜನ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ, ಎಲ್ಲ ಸರಕಾರದ ಆರೋಗ್ಯ ವಿಮೆಯ ಕಾರ್ಡಿನಲ್ಲಿ ಆಯಿತು. ಆ ಸ್ಟೆಂಟನ್ನು ಉಳಿಸುವ ಗುಳಿಗೆಗೆ ಕಾರ್ಡು ಇಲ್ಲ.

ಇದನ್ನು ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಇಪ್ಪತ್ತು ವರ್ಷದ ಮೇಲಾಯಿತು ನಾನು ಈ ಕೌಂಟರಿನ ಹಿಂದೆ ನಿಲ್ಲಲು ಶುರು ಮಾಡಿ. ಆರೋಗ್ಯ ವಿಮೆಯ ಬಗ್ಗೆ ನಮ್ಮ ಊರಲ್ಲಿ ಮಾತು ಬಂದಾಗಲೆಲ್ಲ "5 ಲಕ್ಷ ಉಂಟಲ್ಲ" ಎಂಬಲ್ಲಿಗೆ ಮುಗಿಯುತ್ತದೆ. ಉಂಟು, ಸುಳ್ಳಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿಕೊಂಡದ್ದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ. ಎಷ್ಟೋ ಮನೆಗಳ ಅಡಿಕೆ ತೋಟ ಅಡಮಾನಕ್ಕೆ ಬೀಳದೆ ಉಳಿದದ್ದು ಇದರಿಂದಲೇ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಆ ಯೋಜನೆ ನಡೆಯುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ದಾಖಲಾಗುವ ಮೊದಲಿನ 3 ದಿನ, ಮನೆಗೆ ಬಂದ ನಂತರದ 15 ದಿನದ ಮದ್ದು ಆ ಲೆಕ್ಕದಲ್ಲಿ ಸೇರುತ್ತದೆ. ಹದಿನಾರನೆಯ ದಿನ ಮನುಷ್ಯ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಮತ್ತೆ ಬದುಕಿರುವಷ್ಟು ಕಾಲ ಪ್ರತಿ ತಿಂಗಳೂ ಹತ್ತಬೇಕು.

ಶುಗರ್, ಬಿಪಿ, ಹೃದಯ, ಥೈರಾಯ್ಡ್, ಅಪಸ್ಮಾರ. ಇವು ಒಂದು ದಿನ ಬಂದು ಹೋಗುವ ಖಾಯಿಲೆಗಳಲ್ಲ. ದುಡ್ಡು ಕೊರೆಯುವುದು ಹೀಗೆ ತಿಂಗಳು ತಿಂಗಳು. ಜನ ಕಡಿತ ಮಾಡುವುದೂ ಇಲ್ಲಿಯೇ, ಯಾಕೆಂದರೆ ಅಕ್ಕಿ ಬಿಟ್ಟರೆ ಹೊಟ್ಟೆ ಆ ದಿನವೇ ಹೇಳುತ್ತದೆ, ಬಿಪಿ ಗುಳಿಗೆ ಬಿಟ್ಟರೆ ದೇಹ ಆರು ತಿಂಗಳು ಸುಮ್ಮನಿರುತ್ತದೆ. ಆಮೇಲೆ ಒಂದು ರಾತ್ರಿ ಬಾಯಿ ಸೊಟ್ಟಗಾಗಿ, ಆಂಬುಲೆನ್ಸು ತಲಪಾಡಿಯ ರಾಜ್ಯ ಗಡಿ ದಾಟಿ ಮಂಗಳೂರಿಗೆ ಓಡುತ್ತದೆ. ಆಗ ಲಕ್ಷಗಟ್ಟಲೆ ಕೊಡಲು ಯೋಜನೆ ತಯಾರು. ಅದಕ್ಕೆ ಮೊದಲು ತಿಂಗಳಿಗೆ ಐನೂರು ಕೊಡಲು ಅದೇ ಯೋಜನೆಯಲ್ಲಿ ದಾರಿ ಇಲ್ಲ.

ಇನ್ನೊಂದು ನಮ್ಮ ಗಡಿಯ ಸಂಕಟ. ನಮ್ಮವರಲ್ಲಿ ಹೆಚ್ಚಿನವರು ತೋರಿಸುವುದು ಮಂಗಳೂರಿನಲ್ಲಿ. ಅಲ್ಲಿ ವೈದ್ಯರು ಬರೆದ ಬ್ರಾಂಡು ಕೆಲವೊಮ್ಮೆ ಆ ಆಸ್ಪತ್ರೆಯ ಕೆಳಗಿನ ಮೆಡಿಕಲ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಕಾಸರಗೋಡಿನ ಸ್ಟಾಕಿಸ್ಟ್ ಆ ಕಂಪೆನಿಯ ಹೆಸರೇ ಕೇಳಿರುವುದಿಲ್ಲ. ಅದೇ ಮದ್ದು, ಅದೇ ಮಿಲಿಗ್ರಾಂ, ಬೇರೆ ಕಂಪೆನಿಯದ್ದು ನನ್ನ ಕಪಾಟಿನಲ್ಲಿ ಕಣ್ಣೆದುರೇ ಇರುತ್ತದೆ. ಕೊಡುವ ಹಾಗಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿ 11ಎ ಎಂಬ ಉಪನಿಯಮ ಉಂಟು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್, ಎಕ್ಸ್ ಪಟ್ಟಿಗಳಿಗೆ ಸೇರಿದ ಮದ್ದು ಚೀಟಿಯಲ್ಲಿದ್ದರೆ ಅದರ ಬದಲಿಗೆ ಬೇರೊಂದನ್ನು ಕೊಡಬಾರದು, ಒಳಗಿರುವ ಮದ್ದು ಒಂದೇ ಆದರೂ ಕೊಡಬಾರದು. "ಕಮಿಷನ್ ಕಡಿಮೆ ಎಂದು ಕೊಡುವುದಿಲ್ಲ" ಎಂದು ನನಗೆ ಮುಖಕ್ಕೆ ಹೇಳಿದವರಿದ್ದಾರೆ. ಕಾರಣ ಇದು.

ಆದರೆ ಚೀಟಿಯಲ್ಲಿ ಬ್ರಾಂಡಿನ ಬದಲು ಒಳಗಿರುವ ಮದ್ದಿನ ಹೆಸರೇ (ಜನರಿಕ್ ಹೆಸರು) ಬರೆದಿದ್ದರೆ ನಾನು ನಿಮಗೆ ಕೈಗೆಟುಕುವ ಬೆಲೆಯದ್ದನ್ನು ಕೊಡಬಹುದು, ನೀವು ಜನೌಷಧಿ ಕೇಂದ್ರಕ್ಕೂ ಹೋಗಬಹುದು. ಅದಕ್ಕೆ ನನ್ನ ಒಂದೇ ಬೇಡಿಕೆ. ವೈದ್ಯರ ಕೋಣೆಯಿಂದ ಎದ್ದು ಬರುವ ಮೊದಲು, "ಡಾಕ್ಟ್ರೇ, ಮದ್ದಿನ ಹೆಸರು ಕೂಡಾ ಬರೆದುಕೊಡಿ, ಊರಲ್ಲಿ ಈ ಕಂಪೆನಿಯದ್ದು ಸಿಗುವುದಿಲ್ಲ" ಎಂದು ಕೇಳಿ. ನಾಚಿಕೆ ಬೇಡ. ಆ ಒಂದು ಸಾಲು ವರ್ಷಕ್ಕೆ ಸಾವಿರಾರು ರೂಪಾಯಿ ಉಳಿಸುತ್ತದೆ.

ಅಜ್ಜನ ವಿಷಯ: ಚೀಟಿಯಲ್ಲಿದ್ದ ನಂಬರಿಗೆ ಅಂದೇ ಐದಾರು ಸಲ ಫೋನ್ ಮಾಡಿ, ಮಧ್ಯಾಹ್ನ ವೈದ್ಯರೇ ಸಿಕ್ಕಿದರು. ಒಳ್ಳೆಯವರು. ಹೊಸ ಚೀಟಿ ಬರೆದು ಮಗನ ಫೋನಿಗೆ ಕಳಿಸಿದರು. ತಿಂಗಳ ಬಿಲ್ಲು ಸುಮಾರು ಅರ್ಧಕ್ಕೆ ಇಳಿಯಿತು. ಅಜ್ಜ ರಾತ್ರಿ ಗುಳಿಗೆ ಮತ್ತೆ ಶುರು ಮಾಡಿದ್ದಾರೆ.

ನಿಮ್ಮ ಅನುಭವ, ಪ್ರಶ್ನೆ ಏನಿದ್ದರೂ ಹಾಕಿ. ಗೊತ್ತಿದ್ದದ್ದನ್ನು ಹೇಳುತ್ತೇನೆ.

ಪೆರ್ಲದ ಕೃಷಿಕ | ಭಾನುವಾರ ರಾತ್ರಿ 10.15

ಒಳ್ಳೆಯದಾಯಿತು ಬರೆದದ್ದು. ನನಗೊಂದು ಸಂಶಯ ಅಣ್ಣ. ಒಂದೇ ಮದ್ದು ಒಂದು ಅಂಗಡಿಯಲ್ಲಿ 90 ರೂಪಾಯಿ, ಇನ್ನೊಂದರಲ್ಲಿ 25 ಅಂದರೆ ಹೇಗೆ ನಂಬುವುದು? ಅಡಿಕೆಯಲ್ಲಾದರೆ ಕಣ್ಣಿಗೆ ಕಾಣುತ್ತದೆ, ಚಾಲಿ ಯಾವುದು, ಪಟೋರ ಯಾವುದು ಎಂದು ಮುಟ್ಟಿ ಹೇಳಬಹುದು. ಗುಳಿಗೆಯಲ್ಲಿ ಹೇಗೆ? ಕಡಿಮೆಯದ್ದು ಕಳಪೆ ಎಂದೇ ನಮ್ಮ ಮನೆಯಲ್ಲಿ ಎಲ್ಲರ ಅಭಿಪ್ರಾಯ.

ಬದಿಯಡ್ಕದ ಮದ್ದಿನಂಗಡಿ | ಭಾನುವಾರ ರಾತ್ರಿ 10.50

ಅಣ್ಣ, ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಸರಕಾರ ಅತ್ಯಗತ್ಯ ಔಷಧಗಳ ಪಟ್ಟಿ ಒಂದನ್ನು ಇಟ್ಟಿದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಇವುಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಮಾರುಕಟ್ಟೆಯಲ್ಲಿ ಶೇ. 1 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಬ್ರಾಂಡುಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವನಿಗೆಂದು ಶೇ. 16 ಸೇರಿಸುತ್ತಾರೆ. ತಯಾರಿಸಲು ಎಷ್ಟು ಖರ್ಚಾಯಿತು ಎಂಬ ಲೆಕ್ಕ ಇದರಲ್ಲಿ ಬರುವುದೇ ಇಲ್ಲ, ಗಮನಿಸಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕಂಪೆನಿ ತನಗೆ ಬೇಕಾದ ಬೆಲೆಯಿಂದ ಶುರು ಮಾಡಬಹುದು, ಆಮೇಲೆ ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. ಎರಡು ಮೂರು ಮದ್ದು ಸೇರಿಸಿ ಮಾಡಿದ ಗುಳಿಗೆಗಳ ಬಹುಪಾಲು ಆ ಪಟ್ಟಿಯ ಹೊರಗೆ.

ಈಗ ನನ್ನ ಕಡೆಯ ಸತ್ಯ. ಜಾಹೀರಾತಿಲ್ಲದ, ವೈದ್ಯರ ಬಳಿ ಪ್ರತಿನಿಧಿ ಹೋಗದ ಕೆಲವು ಕಂಪೆನಿಗಳ ಸ್ಟ್ರಿಪ್ಪು ನನಗೆ 20 ರೂಪಾಯಿಗೆ ಬಂದರೆ ಮೇಲೆ 90 ಎಂದು ಅಚ್ಚಾಗಿರುತ್ತದೆ. ನಡುವಿನದ್ದು ಯಾರಿಗೆ ಎಂಬುದು ಅಂಗಡಿಯವನ ಮನಸ್ಸಿಗೆ ಬಿಟ್ಟದ್ದು. ಒಬ್ಬ 90ಕ್ಕೇ ಮಾರುತ್ತಾನೆ, ಒಬ್ಬ 25ಕ್ಕೆ ಕೊಡುತ್ತಾನೆ. ಮದ್ದು ಒಂದೇ. ನೀವು ಹೇಳಿದ ಎರಡು ಅಂಗಡಿಯ ಕಥೆ ಹೀಗೂ ಇರಬಹುದು. ನಮ್ಮ ವ್ಯಾಪಾರದವರಿಗೆ ನಾನು ಇದನ್ನು ಬರೆದದ್ದು ಇಷ್ಟವಾಗಲಿಕ್ಕಿಲ್ಲ.

ಪೇಟೆಂಟಿನ ಕಾರಣವೂ ಉಂಟು. ಶುಗರಿಗೆ ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆ ಒಂದಕ್ಕೆ 60 ರೂಪಾಯಿ ಹತ್ತಿರ ಇತ್ತು. 2025ರ ಮಾರ್ಚ್ 11ಕ್ಕೆ ಪೇಟೆಂಟ್ ಮುಗಿಯಿತು. ಮರುದಿನದಿಂದಲೇ ಬೇರೆ ಕಂಪೆನಿಗಳದ್ದು ಬಂದು ಹತ್ತು ರೂಪಾಯಿ ಆಸುಪಾಸಿಗೆ ಇಳಿಯಿತು. ಅದಕ್ಕೆ ಮೊದಲು ವಿಲ್ಡಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್, ಸಿಟಾಗ್ಲಿಪ್ಟಿನ್ ಕೂಡಾ ಹೀಗೆಯೇ ಇಳಿದವು. ಆದರೂ ಹಳೆಯ ಚೀಟಿಯನ್ನೇ ತಂದು ಹಳೆಯ ಬ್ರಾಂಡಿಗೇ ದುಡ್ಡು ಕೊಟ್ಟು ಹೋಗುವವರು ಇವತ್ತಿಗೂ ಇದ್ದಾರೆ. ಎರಡು ವರ್ಷದಿಂದ ಅದೇ ಚೀಟಿ ತೋರಿಸುತ್ತಿದ್ದರೆ ಒಮ್ಮೆ ವೈದ್ಯರಲ್ಲಿ ಹೋಗಿ ಕೇಳಿ.

ಮಂಜೇಶ್ವರದ ವೈದ್ಯೆ | ಸೋಮವಾರ ಬೆಳಗ್ಗೆ 6.55

ನಾನು ಈ ಕಡೆ ಕುಟುಂಬ ವೈದ್ಯೆಯಾಗಿ ಕೆಲಸ ಮಾಡುವವಳು. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಅಜ್ಜನಿಗಾಗಿ ಫೋನ್ ಮಾಡಿದ್ದು ದೊಡ್ಡ ಉಪಕಾರ. ಆದರೆ ಒಂದು ಮಾತು. ನಾನು ಬ್ರಾಂಡು ಬರೆಯುವುದು ಕಮಿಷನ್ನಿಗಲ್ಲ. ಮದ್ದಿನ ಹೆಸರು ಮಾತ್ರ ಬರೆದರೆ ಯಾವ ಕಂಪೆನಿಯದ್ದು ಕೊಡಬೇಕು ಎಂಬ ತೀರ್ಮಾನ ನನ್ನಿಂದ ನಿಮ್ಮ ಕೌಂಟರಿಗೆ ಬರುತ್ತದೆ. ನಿಮ್ಮಂಥವರು ಇದ್ದಲ್ಲಿ ಸರಿ. ಎಲ್ಲ ಕಡೆ ಹಾಗೆ ಇಲ್ಲ. ಲಾಭ ಹೆಚ್ಚಿದ್ದನ್ನು ಕೊಟ್ಟು ಕಳಿಸಿದ್ದನ್ನು ನಾನು ಕಂಡಿದ್ದೇನೆ. ಗುಣಮಟ್ಟದ ಪ್ರಶ್ನೆ ಬೇರೆ. ರೋಗಿಗೆ ಬಿಪಿ ಇಳಿಯದಿದ್ದರೆ ಅವರು ಕೇಳುವುದು ನನ್ನನ್ನು.

2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಜನರಿಕ್ ಹೆಸರೇ ಬರೆಯಬೇಕೆಂದು ನಿಯಮ ತಂದಾಗ ವೈದ್ಯರು ವಿರೋಧಿಸಿದ್ದು ಈ ಕಾರಣಕ್ಕೆ. ಅದೇ ತಿಂಗಳ 23ಕ್ಕೆ ಅದನ್ನು ತಡೆಹಿಡಿದರು.

ಬದಿಯಡ್ಕದ ಮದ್ದಿನಂಗಡಿ | ಸೋಮವಾರ ಮಧ್ಯಾಹ್ನ 2.20

ಡಾಕ್ಟ್ರೇ, ನೀವು ಹೇಳಿದ್ದರಲ್ಲಿ ಮೊದಲನೆಯದ್ದನ್ನು ಪೂರ್ತಿ ಒಪ್ಪುತ್ತೇನೆ. ಮೇಲೆ ನಾನೇ ಬರೆದ 20-90ರ ಲೆಕ್ಕವೇ ಅದಕ್ಕೆ ಸಾಕ್ಷಿ. ಅದಕ್ಕೇ ನಾನು ಬ್ರಾಂಡು ಬಿಡಿ ಎನ್ನುವುದಿಲ್ಲ. ಬ್ರಾಂಡಿನ ಕೆಳಗೆ ಮದ್ದಿನ ಹೆಸರನ್ನೂ ಬರೆದು, "ಬದಲಿಸಬಹುದು" ಎಂದೊಂದು ಪದ ಹಾಕಿದರೆ ನಾನು ಫೋನ್ ಮಾಡಿ ನಿಮ್ಮ ಒಪಿಡಿ ನಿಲ್ಲಿಸಬೇಕಾಗಿಲ್ಲ.

ಗುಣಮಟ್ಟಕ್ಕೆ ಬಂದರೆ, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಗುಣಮಟ್ಟದಲ್ಲಿ ಬಿದ್ದ ಬ್ಯಾಚುಗಳ ಪಟ್ಟಿ ಹಾಕುತ್ತದೆ. ನಾನು ಅದನ್ನು ತಪ್ಪದೆ ನೋಡುತ್ತೇನೆ. ಅದರಲ್ಲಿ ಹೆಸರಿಲ್ಲದ ಕಂಪೆನಿಗಳೂ ಇವೆ, ಹೆಸರಾಂತವೂ ಇವೆ. 2017ರ ಏಪ್ರಿಲ್‌ನಿಂದ ದೇಹದಲ್ಲಿ ಸುಲಭವಾಗಿ ಕರಗದ ವರ್ಗದ ಮದ್ದುಗಳಿಗೆ ಪರವಾನಗಿ ಬೇಕಾದರೆ, ಮೂಲ ಮದ್ದಿನಷ್ಟೇ ರಕ್ತಕ್ಕೆ ಸೇರುತ್ತದೆ ಎಂಬ ಪರೀಕ್ಷೆಯ ವರದಿ ಕೊಡಬೇಕೆಂಬ ನಿಯಮ ಬಂತು. ಅದಕ್ಕಿಂತ ಹಿಂದೆ ಪರವಾನಗಿ ಪಡೆದವುಗಳ ಬಗ್ಗೆ ನಿಮ್ಮ ಸಂಶಯ ನ್ಯಾಯವೇ. ಇದಕ್ಕೆ ಪರಿಹಾರ ಪರೀಕ್ಷೆ ಹೆಚ್ಚಿಸುವುದು. ಬೆಲೆಯನ್ನೇ ಗುಣಮಟ್ಟದ ಗುರುತಾಗಿ ಮಾಡಿಕೊಂಡರೆ ಬಡವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಮಂಜೇಶ್ವರದ ವೈದ್ಯೆ | ಸೋಮವಾರ ರಾತ್ರಿ 9.05

ಶುಗರ್, ಬಿಪಿ, ಕೊಲೆಸ್ಟರಾಲ್ ಗುಳಿಗೆಗಳಿಗೆ ಹಾಗೆ ಬರೆಯಲು ನನಗೆ ಅಡ್ಡಿಯಿಲ್ಲ. ಥೈರಾಯ್ಡ್, ಫಿಟ್ಸ್, ರಕ್ತ ತೆಳು ಮಾಡುವ ವಾರ್ಫರಿನ್, ಇವುಗಳಲ್ಲಿ ಮಾತ್ರ ನಾನು ಬದಲಿಸಲು ಬಿಡುವುದಿಲ್ಲ.

ಎಣ್ಮಕಜೆಯ ಆಶಾ ಕಾರ್ಯಕರ್ತೆ | ಸೋಮವಾರ ರಾತ್ರಿ 9.30

ಡಾಕ್ಟ್ರು ಫಿಟ್ಸ್ ಎಂದದ್ದಕ್ಕೆ ನನ್ನ ಮಾತು ಸೇರಿಸುತ್ತೇನೆ. ನಮ್ಮ ಪಂಚಾಯತಿನ ಕಥೆ ಎಲ್ಲರಿಗೂ ಗೊತ್ತುಂಟು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು 2000ದಲ್ಲಿ ನಿಂತಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಲ್ಲೇ ನಿಲ್ಲಿಸಿತು, 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ಕೊಡಬೇಕೆಂದಿತು. ಬಾಧಿತರಾದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ತಾಯಂದಿರು ಮುದುಕಿಯರಾಗಿದ್ದಾರೆ. ಗುಳಿಗೆ ನಿಂತಿಲ್ಲ.

ನಾನು ಹೋಗುವ ಒಂದು ಮನೆಯಲ್ಲಿ ಮಗನಿಗೆ ಮೂವತ್ತರ ಮೇಲೆ. ಮಾತು ಬಾರದು. ಫಿಟ್ಸಿಗೆ ಮದ್ದು ನಡೆಯುತ್ತಿದೆ. ಸರಕಾರಿ ಕಡೆಯಿಂದ ಸಿಗುತ್ತದೆ, ಆದರೆ ಒಂದೊಂದು ತಿಂಗಳು ಒಂದೊಂದು ಬಣ್ಣದ್ದು ಬರುತ್ತದೆ, ಒಂದೊಂದು ತಿಂಗಳು ಬರುವುದೇ ಇಲ್ಲ. ತಾಯಿಗೆ ಓದಲು ಬರುವುದು ಕನ್ನಡ ಮಾತ್ರ. ಕವರಿನ ಮೇಲೆ ಬರೆದದ್ದು ಇಂಗ್ಲಿಷು, ಹೇಳುವವರು ಮಲಯಾಳದಲ್ಲಿ. ಒಮ್ಮೆ ಬಣ್ಣ ಬದಲಾದಾಗ ಹೊಸತು ಬೇರೆ, ಹಳೆಯದ್ದು ಬೇರೆ ಎಂದು ತಿಳಿದು ಎರಡನ್ನೂ ಕೊಟ್ಟರು. ಹುಡುಗ ಎರಡು ದಿನ ಏಳಲಿಲ್ಲ. ನಾನು ಮನೆಗೆ ಹೋದಾಗ ಆ ತಾಯಿ ಎರಡೂ ಸ್ಟ್ರಿಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದರು. ಏನು ತಪ್ಪಾಯಿತು ಎಂದು ಅವರಿಗೆ ಗೊತ್ತಾಗಿರಲಿಲ್ಲ, ಆದರೆ ತಪ್ಪು ತನ್ನಿಂದ ಎಂದು ಅಳುತ್ತಿದ್ದರು.

ಬದಿಯಡ್ಕದ ಮದ್ದಿನಂಗಡಿ | ಸೋಮವಾರ ರಾತ್ರಿ 10.10

ಅಕ್ಕಾ, ಓದಿ ಎದೆ ಭಾರವಾಯಿತು. ತಪ್ಪು ಆ ತಾಯಿಯದ್ದಲ್ಲ. ಗುಳಿಗೆ ಕೊಡುವ ಕೈ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕಿತ್ತು. ಅದು ಕೊಟ್ಟವರ ಕೆಲಸ.

ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು. ಫಿನಿಟೋಯಿನ್‌ನಂಥ ಮದ್ದಿನಲ್ಲಿ ರಕ್ತದ ಮಟ್ಟ ಸ್ವಲ್ಪ ಏರಿದರೆ ಮಂಪರು, ಸ್ವಲ್ಪ ಇಳಿದರೆ ಫಿಟ್ಸು. ಇವನ್ನು ಒಂದೇ ಕಂಪೆನಿಯದ್ದು ತೆಗೆದುಕೊಳ್ಳುತ್ತಾ ಹೋಗಬೇಕು. ಬದಲಾಯಿಸಲೇಬೇಕಾಗಿ ಬಂದರೆ ವೈದ್ಯರಿಗೆ ತಿಳಿಸಿ ಬದಲಾಯಿಸಬೇಕು. ಥೈರಾಯ್ಡಿನ ಲೆವೊಥೈರಾಕ್ಸಿನ್ ಕೂಡಾ ಹಾಗೆ. ಮೇಲೆ ನಾನು ಮದ್ದಿನ ಹೆಸರು ಬರೆಸಿಕೊಳ್ಳಿ, ಬದಲಿಸಬಹುದು ಎಂದದ್ದು ಇವಕ್ಕೆ ಅಲ್ಲ, ದಯವಿಟ್ಟು ಎಲ್ಲರೂ ಗಮನಿಸಿ.

ಇನ್ನೊಂದು, ಮನೆಯಲ್ಲಿ ಗುಳಿಗೆಯ ಸ್ಟ್ರಿಪ್ಪು ಕತ್ತರಿಸುವಾಗ ಬ್ಯಾಚು ನಂಬರು, ಅವಧಿ ಮುಗಿಯುವ ದಿನಾಂಕ ಇರುವ ತುದಿಯನ್ನು ಕೊನೆಗೆ ಉಳಿಸಿ. ನಾವು ಅಂಗಡಿಯಲ್ಲಿ ಹಾಗೆಯೇ ಎದುರಿನ ತುದಿಯಿಂದ ಕತ್ತರಿಸುತ್ತೇವೆ.

ಮುಳ್ಳೇರಿಯದ ನಿವೃತ್ತ ಟೀಚರ್ | ಮಂಗಳವಾರ ಬೆಳಗ್ಗೆ 8.15

ನಾನು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು. ನಿಮಗೆ ಮೆಡಿಸೆಪ್ (ಕೇರಳ ಸರಕಾರಿ ನೌಕರರು, ಪಿಂಚಣಿದಾರರ ಆರೋಗ್ಯ ವಿಮೆ) ಉಂಟಲ್ಲ, ನಿಮಗೇನು ಚಿಂತೆ ಎಂದು ಎಲ್ಲರೂ ಹೇಳುತ್ತಾರೆ. 2022ರ ಜುಲೈ 1ಕ್ಕೆ ಶುರುವಾದಾಗ ತಿಂಗಳಿಗೆ 500 ರೂಪಾಯಿ ಪ್ರೀಮಿಯಂ, ವರ್ಷಕ್ಕೆ 3 ಲಕ್ಷದ ರಕ್ಷಣೆ ಎಂದಿತ್ತು. ಪಿಂಚಣಿದಾರರಿಗೆ ಅದಕ್ಕೆ ಮೊದಲು ತಿಂಗಳಿಗೆ 500 ರೂಪಾಯಿ ವೈದ್ಯಕೀಯ ಭತ್ಯೆ ಬರುತ್ತಿತ್ತು. ಆ 500ರಲ್ಲಿ ನನ್ನ ಬಿಪಿ ಗುಳಿಗೆ ಬರುತ್ತಿತ್ತು. ಅದೇ 500 ಆಮೇಲೆ ಪ್ರೀಮಿಯಂ ಆಗಿ ಹೋಗತೊಡಗಿತು. ದೇವರ ದಯೆ, ನಾನು ಇಲ್ಲಿಯವರೆಗೆ ಆಸ್ಪತ್ರೆಯಲ್ಲಿ ಮಲಗಿಲ್ಲ. ಗುಳಿಗೆಗೆ ಪಿಂಚಣಿಯಿಂದ ಬೇರೆ ತೆಗೆದಿಡುತ್ತೇನೆ. ನಿಮ್ಮ ತಲೆಬರಹ ಓದಿದಾಗ ನನ್ನದೇ ಮಾತು ಅನ್ನಿಸಿತು.

ಬದಿಯಡ್ಕದ ಮದ್ದಿನಂಗಡಿ | ಮಂಗಳವಾರ ಮಧ್ಯಾಹ್ನ 1.45

ಟೀಚರೇ, ನಾನು ನಾಲ್ಕು ಪ್ಯಾರಾದಲ್ಲಿ ಹೇಳಿದ್ದನ್ನು ನೀವು 500 ರೂಪಾಯಿಯಲ್ಲಿ ಹೇಳಿದಿರಿ. ಬಿಪಿ ಗುಳಿಗೆ ನಿಮ್ಮ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಜೀವನಶೈಲಿ ರೋಗಗಳ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ. ಪಿಂಚಣಿ ಬರುವವರು ಅಲ್ಲಿ ಸಾಲಿನಲ್ಲಿ ನಿಲ್ಲಬಾರದು ಎಂದೇನೂ ಇಲ್ಲ. ನಾನು ಮದ್ದು ಮಾರಿ ಬದುಕುವವ, ಆದರೂ ಹೇಳುತ್ತೇನೆ, ಅಲ್ಲಿ ಸಿಗುವುದನ್ನು ಅಲ್ಲಿಂದಲೇ ತನ್ನಿ. ಸಿಗದ್ದಕ್ಕೆ ನನ್ನಲ್ಲಿಗೆ ಬನ್ನಿ.

ಕ್ಯಾನ್ಸರಿನ ಮದ್ದು ಬೇಕಾದವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೇರಳ ಸರಕಾರದ ಮದ್ದಿನಂಗಡಿಗಳಾದ ಕಾರುಣ್ಯ ಫಾರ್ಮಸಿಗಳಲ್ಲಿ 2024ರ ಆಗಸ್ಟಿನಿಂದ ಲಾಭವಿಲ್ಲದ ದರದ ಕೌಂಟರು ಶುರುವಾಗಿದೆ, ಮೊದಲ ಹಂತದಲ್ಲಿ ಜಿಲ್ಲೆಗೊಂದು. ಹೊರಗಿನ ಬಿಲ್ಲಿಗೂ ಅದಕ್ಕೂ ಅಜಗಜಾಂತರ. ಬೇರೆ ಎಲ್ಲಿಗೂ ಹೋಗುವ ಮೊದಲು ಅಲ್ಲಿ ವಿಚಾರಿಸಿ.

ಉಪ್ಪಳದವ, ಈಗ ಶಾರ್ಜಾದಲ್ಲಿ | ಮಂಗಳವಾರ ರಾತ್ರಿ 11.20

ಊರಲ್ಲಿ ಅಪ್ಪ ಅಮ್ಮನಿಗೆ ಖಾಸಗಿ ಕಂಪೆನಿಯ ಪಾಲಿಸಿ ಮಾಡಿಸಬೇಕೆಂದಿದ್ದೇನೆ. ಅಪ್ಪನಿಗೆ ಎಂಟು ವರ್ಷದಿಂದ ಶುಗರ್. ಏಜೆಂಟ್ ಹೇಳುತ್ತಾನೆ, ಶುಗರ್ ಬರೆಯುವುದು ಬೇಡ, ಪ್ರೀಮಿಯಂ ಏರುತ್ತದೆ, ಮೂರು ವರ್ಷ ಕಾಯಬೇಕಾಗುತ್ತದೆ ಎಂದು. ಏನು ಮಾಡಲಿ? ಇನ್ನೊಂದು, ಕಳೆದ ವರ್ಷ ಮಾವನಿಗೆ ಒಂದು ಆಸ್ಪತ್ರೆಯಲ್ಲಿ ರೂಮ್ ಬಾಡಿಗೆ ಮಿತಿ ಮೀರಿತು ಎಂದು ಮದ್ದಿನ ಬಿಲ್ಲಿನಲ್ಲೂ ಅಷ್ಟೇ ಪ್ರಮಾಣದಲ್ಲಿ ಕಡಿತ ಮಾಡಿದರು. ಇದು ಸರಿಯಾ?

ಬದಿಯಡ್ಕದ ಮದ್ದಿನಂಗಡಿ | ಬುಧವಾರ ಬೆಳಗ್ಗೆ 7.10

ತಮ್ಮಾ, ಬರೆಯಿರಿ. ಮುಚ್ಚಿಡಬೇಡಿ. ಏಜೆಂಟ್ ಪಾಲಿಸಿ ಮಾರಿ ಹೋಗುತ್ತಾನೆ, ಕ್ಲೈಮ್ ದಿನ ಆಸ್ಪತ್ರೆಯ ಕೌಂಟರಿನಲ್ಲಿ ನಿಲ್ಲುವುದು ನಿಮ್ಮ ಅಮ್ಮ. ದಾಖಲಾಗುವಾಗ ಮೊದಲ ಪುಟದಲ್ಲೇ "ಎಂಟು ವರ್ಷದಿಂದ ಮಧುಮೇಹ" ಎಂದು ಬರೆಯುತ್ತಾರೆ. ನನ್ನಂಥವನ ಅಂಗಡಿಯ ಹಳೆಯ ಬಿಲ್ಲುಗಳೂ ಅದನ್ನೇ ಹೇಳುತ್ತವೆ. ಮುಚ್ಚಿಟ್ಟದ್ದು ಸಿಕ್ಕಿದರೆ ಕ್ಲೈಮೂ ಹೋಗುತ್ತದೆ, ಪಾಲಿಸಿಯೂ ಹೋಗುತ್ತದೆ. 2024ರ ಏಪ್ರಿಲ್‌ನಿಂದ ನಿಯಮ ಸ್ವಲ್ಪ ಸಡಿಲವಾಗಿದೆ. ಮೊದಲೇ ಇದ್ದ ರೋಗಕ್ಕೆ ಕಾಯುವ ಗರಿಷ್ಠ ಅವಧಿ 4 ವರ್ಷದಿಂದ 3 ವರ್ಷಕ್ಕೆ ಇಳಿದಿದೆ. ಪಾಲಿಸಿ 5 ವರ್ಷ ಸತತ ನಡೆದ ಮೇಲೆ, ವಂಚನೆ ಸಾಬೀತಾಗದೆ, "ಹೇಳಿರಲಿಲ್ಲ" ಎಂಬ ಕಾರಣಕ್ಕೆ ಕ್ಲೈಮ್ ತಳ್ಳುವ ಹಾಗಿಲ್ಲ. ಮೊದಲು ಅದು 8 ವರ್ಷ ಇತ್ತು. ಅಪ್ಪನಿಗೆ 60 ದಾಟಿದ್ದರೆ ಇನ್ನೊಂದು ಅನುಕೂಲ: 2025ರ ಜನವರಿಯಿಂದ ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪೆನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಬಳಿ ಹೋಗಬೇಕು.

ಮಾವನ ವಿಷಯದಲ್ಲಿ ನನಗೆ ಸಿಟ್ಟು ಬಂತು. ಬಾಡಿಗೆ ಮಿತಿ ಮೀರಿದರೆ ಅದೇ ಪ್ರಮಾಣದಲ್ಲಿ ಬೇರೆ ಖರ್ಚು ಕಡಿತ ಮಾಡುವ ಷರತ್ತು ಪಾಲಿಸಿಗಳಲ್ಲಿ ಉಂಟು, ಹೌದು. ಆದರೆ ಪ್ರಾಧಿಕಾರದ 2020ರ ಮಾರ್ಗಸೂಚಿಯಂತೆ ಆ ಕಡಿತದ ಲೆಕ್ಕಕ್ಕೆ ಮದ್ದು, ಬಳಸಿ ಎಸೆಯುವ ಸಾಮಗ್ರಿ, ಸ್ಟೆಂಟಿನಂಥ ಸಾಧನ, ರಕ್ತ ಪರೀಕ್ಷೆ, ಸ್ಕ್ಯಾನ್ ಸೇರಬಾರದು. ದುಬಾರಿ ರೂಮಿನಲ್ಲಿ ಮಲಗಿದರೂ, ಅಗ್ಗದ ರೂಮಿನಲ್ಲಿ ಮಲಗಿದರೂ ಇಂಜೆಕ್ಷನ್ನಿನ ಬೆಲೆ ಒಂದೇ ಅಲ್ಲವೇ? ಮಾವನ ಕ್ಲೈಮ್ ವಿವರ ಪತ್ರ ತೆಗೆದು ಕಡಿತ ಯಾವ ಯಾವ ಸಾಲಿನಲ್ಲಿ ಆಗಿದೆ ನೋಡಿ. ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಕೊಚ್ಚಿಯಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ) ಕಚೇರಿಗೆ ಬರೆಯಿರಿ. ಶುಲ್ಕ ಇಲ್ಲ, ವಕೀಲರು ಬೇಡ. ಕಂಪೆನಿಯ ಉತ್ತರ ಬಂದು ಒಂದು ವರ್ಷದೊಳಗೆ ಕೊಡಬೇಕು.

ಆಸ್ಪತ್ರೆಯಿಂದ ಬಂದ ನಂತರ ಹೊರಗೆ ಕೊಂಡ ಮದ್ದಿನ ಬಿಲ್ಲೂ ಖಾಸಗಿ ಪಾಲಿಸಿಗಳಲ್ಲಿ ಬಹುತೇಕ ಒಂದೆರಡು ತಿಂಗಳವರೆಗೆ ಸಿಗುತ್ತದೆ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಬಿಲ್ಲಿನಲ್ಲಿ ರೋಗಿಯ ಹೆಸರು, ವೈದ್ಯರ ಹೆಸರು, ಬ್ಯಾಚು ನಂಬರು ಇರಬೇಕು, ಜೊತೆಗೆ ಆ ತಾರೀಕಿಗೆ ಹೊಂದುವ ಚೀಟಿ ಬೇಕು. "ಬಿಲ್ಲು ಬೇಡ, ಬೇಗ ಕೊಡಿ, ಬಸ್ಸು ಬಂತು" ಎನ್ನುವವರಿಗೆ ನಾನು ಬಲವಂತವಾಗಿ ತೊಟ್ಟೆಗೆ ಹಾಕಿ ಕೊಡುತ್ತೇನೆ.

ಕುಂಬಳೆ ಪೇಟೆ | ಬುಧವಾರ ಸಂಜೆ 5.30

ಜಿಎಸ್‌ಟಿ ಇಳಿಯಿತಲ್ಲ, ಮದ್ದಿಗೆ ಏನಾದರೂ ವ್ಯತ್ಯಾಸ ಆಯಿತಾ?

ಬದಿಯಡ್ಕದ ಮದ್ದಿನಂಗಡಿ | ಬುಧವಾರ ರಾತ್ರಿ 8.40

ಆಯಿತು. 2025ರ ಸೆಪ್ಟೆಂಬರ್ 22ರಿಂದ ಶೇ. 12 ಇದ್ದದ್ದು 5 ಆಗಿದೆ, ಕ್ಯಾನ್ಸರ್ ಮತ್ತು ಅಪರೂಪದ ರೋಗಗಳ ಕೆಲವು ಮದ್ದುಗಳಿಗೆ ತೆರಿಗೆಯೇ ಇಲ್ಲ. ತೆರಿಗೆ ಸೇರಿ 112 ರೂಪಾಯಿ ಇದ್ದದ್ದು 105 ಆಗಬೇಕು. ಹಳೆಯ ಸ್ಟಾಕಿನ ಮೇಲೆ ಹಳೆಯ ಬೆಲೆ ಅಚ್ಚಾಗಿದ್ದರೂ ಹೊಸ ದರದಲ್ಲೇ ಬಿಲ್ಲು ಆಗಬೇಕು. ವೈಯಕ್ತಿಕ ಆರೋಗ್ಯ ಪಾಲಿಸಿಯ ಮೇಲಿನ ಶೇ. 18 ಕೂಡಾ ಅಂದೇ ಹೋಯಿತು. ಸಂಘ, ಕಂಪೆನಿ ಮೂಲಕ ಮಾಡಿಸಿದ ಗುಂಪು ಪಾಲಿಸಿಗೆ ಇದು ಅನ್ವಯಿಸುವುದಿಲ್ಲ.

ಹೊಸಂಗಡಿಯ ಓದುಗ | ಗುರುವಾರ ಬೆಳಗ್ಗೆ 9.00

ಅಮ್ಮನನ್ನು ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ಕೇರಳದ ಕಾರ್ಡು ಅಲ್ಲಿ ನಡೆಯುತ್ತದಾ? ಒಬ್ಬರು ಹೌದು ಅನ್ನುತ್ತಾರೆ, ಒಬ್ಬರು ಇಲ್ಲ ಅನ್ನುತ್ತಾರೆ.

ಬದಿಯಡ್ಕದ ಮದ್ದಿನಂಗಡಿ | ಗುರುವಾರ ಬೆಳಗ್ಗೆ 9.35

ಇಬ್ಬರು ಹೇಳಿದ್ದೂ ಸರಿ ಇರಬಹುದು. ಆಯುಷ್ಮಾನ್ ಭಾರತದಲ್ಲಿ ಬೇರೆ ರಾಜ್ಯದಲ್ಲೂ ಚಿಕಿತ್ಸೆ ಪಡೆಯುವ ಅವಕಾಶ ಉಂಟು. ಆದರೆ ಆಸ್ಪತ್ರೆ ಯೋಜನೆಗೆ ಸೇರುವುದು ವಿಭಾಗ ವಿಭಾಗವಾಗಿ. ಒಂದೇ ಆಸ್ಪತ್ರೆಯಲ್ಲಿ ಹೃದಯಕ್ಕೆ ನಡೆದು, ಎಲುಬಿಗೆ ನಡೆಯದೇ ಇರಬಹುದು. ನಿಮ್ಮ ಕಾರ್ಡು ಕೇಂದ್ರದ ಪಟ್ಟಿಯದ್ದೋ, ರಾಜ್ಯ ತಾನಾಗಿ ಸೇರಿಸಿದ್ದೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಮ್ಮನನ್ನು ಬಸ್ಸು ಹತ್ತಿಸುವ ಮೊದಲು 14555ಕ್ಕೆ ಫೋನ್ ಮಾಡಿ, ಕಾರ್ಡಿನ ನಂಬರು, ಆಸ್ಪತ್ರೆಯ ಹೆಸರು, ರೋಗ ಮೂರನ್ನೂ ಹೇಳಿ ಕೇಳಿ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ರಲ್ಲೂ ವಿಚಾರಿಸಬಹುದು. ತುರ್ತು ಆದರೆ ಇದ್ಯಾವುದಕ್ಕೂ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ.

2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟವರನ್ನು ನಾವು ಮರೆತಿಲ್ಲ. ನಮ್ಮ ಜಿಲ್ಲೆಯ ದೊಡ್ಡ ಆಸ್ಪತ್ರೆ ಇನ್ನೊಂದು ರಾಜ್ಯದಲ್ಲಿದೆ ಎಂಬುದು ಆ ವಾರ ಎಲ್ಲರಿಗೂ ಗೊತ್ತಾಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಪೂರ್ತಿ ಬಲದಲ್ಲಿ ನಡೆಯಬೇಕು ಎಂದು ನಾನು ಪದೇ ಪದೇ ಹೇಳುವುದು ಅದಕ್ಕೇ. ನನ್ನ ಅಂಗಡಿಯಿಂದ ಅಲ್ಲಿಗೆ ಸ್ವಲ್ಪವೇ ದೂರ.

ಎಣ್ಮಕಜೆಯ ಆಶಾ ಕಾರ್ಯಕರ್ತೆ | ಗುರುವಾರ ರಾತ್ರಿ 9.15

ಅಣ್ಣ, ಒಂದು ಸಹಾಯ ಆಗಬೇಕು. ಆ ತಾಯಿಗೆ ಮಗನ ಮದ್ದನ್ನು ಕನ್ನಡದಲ್ಲಿ ಬರೆದು ಕೊಡಬಹುದಾ? ನನ್ನ ಅಕ್ಷರ ಸಣ್ಣದು, ಅವರಿಗೆ ಈಗ ಕಣ್ಣು ಕಾಣುವುದು ಕಡಿಮೆ.

ಬದಿಯಡ್ಕದ ಮದ್ದಿನಂಗಡಿ | ಗುರುವಾರ ರಾತ್ರಿ 9.25

ಚೀಟಿಯ ಫೋಟೋ, ಈಗ ಅವರ ಕೈಯಲ್ಲಿರುವ ಸ್ಟ್ರಿಪ್ಪಿನ ಎರಡೂ ಬದಿಯ ಫೋಟೋ ಕಳಿಸಿ. ಸಂದೇಶದಲ್ಲಿ ಕಳಿಸಿ, ಇಲ್ಲಿ ಹಾಕಬೇಡಿ. ದಪ್ಪ ಕಾಗದದ ನಾಲ್ಕು ಕವರು ಮಾಡುತ್ತೇನೆ. ಬೆಳಗ್ಗಿನದ್ದಕ್ಕೆ ಸೂರ್ಯ, ರಾತ್ರಿಯದ್ದಕ್ಕೆ ಚಂದ್ರ ಬಿಡಿಸಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಎಷ್ಟು ಗುಳಿಗೆ, ಊಟಕ್ಕೆ ಮೊದಲೋ ನಂತರವೋ ಎಂದು ಬರೆಯುತ್ತೇನೆ. ಹಳೆಯ ಸ್ಟ್ರಿಪ್ಪಿನ ಒಂದು ತುಂಡನ್ನು ಕವರಿಗೆ ಅಂಟಿಸುತ್ತೇನೆ. ಹೊಸದಾಗಿ ಬಂದದ್ದು ಅದಕ್ಕೆ ಹೊಂದದಿದ್ದರೆ ಕೊಡಬಾರದು, ನಿಮಗೆ ಫೋನ್ ಮಾಡಬೇಕು ಎಂದು ಅವರಿಗೆ ಹೇಳಿಕೊಡಿ. ಶನಿವಾರ ಬೆಳಗ್ಗಿನ ಪೆರ್ಲ ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿ ಕೊಟ್ಟಿರುತ್ತೇನೆ.

ಎಣ್ಮಕಜೆಯ ಆಶಾ ಕಾರ್ಯಕರ್ತೆ | ಶನಿವಾರ ಮಧ್ಯಾಹ್ನ 12.40

ಕವರು ಸಿಕ್ಕಿತು. ಅವರು ಚಂದ್ರನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು, "ರಾತ್ರಿ ಒಂದು, ಊಟದ ನಂತರ." ಪಕ್ಕದ ಮನೆಯವರೂ ಕೇಳುತ್ತಿದ್ದಾರೆ, ಅವರ ಅತ್ತೆಗೂ ಬೇಕಂತೆ.